ರೇಬೀಸ್: ಉರಿಯೂತ ಮತ್ತು ಪ್ರತಿರಕ್ಷಣೆ – ಮುಖ್ಯಾಂಶಗಳು
(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ವಿಶೇಷ ಉಲ್ಲೇಖದೊಂದಿಗೆ)

ಒಂದೇ ನೋಟದಲ್ಲಿ

- ರೋಗ: ರೇಬೀಸ್, ರೂಢಿಯ ಹೆಸರು ಹುಚ್ಚುನಾಯಿ ರೋಗ, ಜಲಭೀತಿ
- ಸ್ವರೂಪ: ಪ್ರಾಣಿಜನ್ಯ ವೈರಾಣು ಸೋಂಕು; ತೀವ್ರ ಮಿದುಳು ಉರಿಯೂತ
- ಲಕ್ಷಣ ಕಾಣಿಸಿದ ನಂತರದ ಮರಣ ಪ್ರಮಾಣ: ಬಹುತೇಕ ಶೇ. 100
- ಸಕಾಲಿಕ ಚಿಕಿತ್ಸೆಯಿಂದ ತಡೆಯುವ ಸಾಧ್ಯತೆ: ಬಹುತೇಕ ಪೂರ್ಣ
- ಪರೀಕ್ಷಾ ದೃಷ್ಟಿಯಿಂದ ಕೇಂದ್ರ ಅಂಶ: ರೇಬೀಸ್‌ನಲ್ಲಿ ಸಾವಿಗೆ ಮುಖ್ಯ ಕಾರಣ ಉರಿಯೂತದ ಅತಿರೇಕವಲ್ಲ, ತಡವಾಗಿ, ಅಲ್ಪವಾಗಿ, ತಪ್ಪು ಜಾಗದಲ್ಲಿ ಬರುವ ಪ್ರತಿರಕ್ಷಣೆ
- ಉರಿಯೂತದ 4 ಶಾಸ್ತ್ರೀಯ ಲಕ್ಷಣಗಳು (ಸೆಲ್ಸಸ್, ರೋಮ್): ಕೆಂಪು, ಊತ, ಬಿಸಿ, ನೋವು, 5ನೆಯದು: ಕಾರ್ಯನಷ್ಟ
- ರೇಬೀಸ್ ಪೀಡಿತ ಮಿದುಳಿನಲ್ಲಿ 5ನೆಯ ಲಕ್ಷಣ ಪೂರ್ಣ. ಉಳಿದವು ಅಚ್ಚರಿ ಮೂಡಿಸುವಷ್ಟು ಕಡಿಮೆ

ರೋಗಕಾರಕ

- ಗಣ: ಮೊನೊನೆಗವೈರೇಲ್ಸ್, ಕುಟುಂಬ: ರ್‍ಯಾಬ್ಡೊವಿರಿಡೆ, ಕುಲ: ಲಿಸ್ಸಾವೈರಸ್
- ಆಕಾರ: ಬಂದೂಕಿನ ಗುಂಡಿನಂತೆ, ಉದ್ದ ಸುಮಾರು 180 ನ್ಯಾನೊಮೀಟರ್, ವ್ಯಾಸ ಸುಮಾರು 75 ನ್ಯಾನೊಮೀಟರ್
- ಜೀನೋಮ್: ಏಕ ಎಳೆಯ ಋಣಾತ್ಮಕ ಆರ್‌ಎನ್‌ಎ, ಸುಮಾರು 12,000 ನ್ಯೂಕ್ಲಿಯೊಟೈಡ್
- ಪ್ರೋಟೀನ್ 5: ಎನ್, ಪಿ, ಎಂ, ಜಿ, ಎಲ್ (ಜೀನೋಮ್‌ನಲ್ಲಿ ಇರುವ ಕ್ರಮವೂ ಇದೇ)
- ಹೊರಗಿನ ಜಿ ಪ್ರೋಟೀನ್: ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳ ಏಕೈಕ ಗುರಿ
- ಜಿ ಪ್ರೋಟೀನ್‌ನ 333ನೇ ಸ್ಥಾನದ ಆರ್ಜಿನಿನ್: ರೋಗಕಾರಕ ಶಕ್ತಿಯ ನಿರ್ಣಾಯಕ ಅಂಶ (1983, ಡೀಟ್ಸ್‌ಶೋಲ್ಡ್ ತಂಡ)
- ಹೊರಪದರ ಕೊಬ್ಬಿನದು. ಆದ್ದರಿಂದ ಸಾಬೂನು, ಆಲ್ಕೋಹಾಲ್, ಅಯೋಡಿನ್, ಶಾಖಕ್ಕೆ ನಾಶ

ಪ್ರದೇಶ: ಕಡೂರು – ತರೀಕೆರೆ – ಅಜ್ಜಂಪುರ

- ಜಿಲ್ಲೆ: ಚಿಕ್ಕಮಗಳೂರು, 1947ರವರೆಗೆ ಜಿಲ್ಲೆಯ ಹೆಸರು ಕಡೂರು ಜಿಲ್ಲೆ
- ಕಡೂರು, ಅಜ್ಜಂಪುರ: ಜಿಲ್ಲೆಯ ಬಯಲುಸೀಮೆ ಭಾಗ, ತರೀಕೆರೆ: ಅರೆಮಲೆನಾಡು, ಭದ್ರಾ ಅಭಯಾರಣ್ಯದ ಅಂಚು
- ಅಜ್ಜಂಪುರ: ಹಿಂದೆ ತರೀಕೆರೆ ತಾಲ್ಲೂಕಿನ ಭಾಗ, 2017ರ ರಾಜ್ಯ ಬಜೆಟ್‌ನಲ್ಲಿ ಪ್ರಕಟವಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು
- ಅಜ್ಜಂಪುರದ ಅಮೃತ ಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ: ಸ್ಥಾಪನೆ 1929
- ಅಮೃತ ಮಹಲ್ ಮೂಲ: ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ (ಚಿಕ್ಕದೇವರಾಜ ಒಡೆಯರ್, 1673–1704), ‘ಅಮೃತ ಮಹಲ್’ ಹೆಸರು ಟಿಪ್ಪು ಕಾಲದ್ದು
- ಬಾಸೂರು ಅಮೃತ ಮಹಲ್ ಕಾವಲು ಸಂರಕ್ಷಣಾ ಮೀಸಲು: ಕಡೂರು ತಾಲ್ಲೂಕು, ಘೋಷಣೆ 2011, ಕೃಷ್ಣಮೃಗಕ್ಕೆ ಹೆಸರುವಾಸಿ
- ಕಾವಲುಗಳ ಮಾಂಸಾಹಾರಿ ಪ್ರಾಣಿಗಳು: ತೋಳ, ಗುಳ್ಳೆನರಿ, ಕಪ್ಪಲುನರಿ
- ರೇಬೀಸ್ ದೃಷ್ಟಿಯಿಂದ ಪ್ರದೇಶದ ವೈಶಿಷ್ಟ್ಯ: ಒಂದೇ ಹುಲ್ಲುಗಾವಲಿನಲ್ಲಿ ದನ, ಕುರಿಹಿಂಡು, ಹಿಂಡು ಕಾಯುವ ನಾಯಿ, ಊರನಾಯಿ, ತೋಳ
- ಭಾರತದಲ್ಲಿ ಕಾಡುಪ್ರಾಣಿ ಕಡಿತ: 3ನೇ ವರ್ಗದ ಸಂಪರ್ಕವೆಂದೇ ಪರಿಗಣನೆ (ವರ್ಗಗಳ ವಿವರ ಮುಂದೆ ‘ವರ್ಗೀಕರಣ’ದಲ್ಲಿ)
- ಮನುಷ್ಯರ ರೇಬೀಸ್‌ಗೆ ಪ್ರಧಾನ ಮೂಲ ಇಲ್ಲಿಯೂ ನಾಯಿಯೇ. ತೋಳ, ನರಿ ಅಪರೂಪದ ಮೂಲ

ಗಾಯದಿಂದ ಮಿದುಳಿಗೆ

- ಪ್ರವೇಶ: ಕಡಿತ, ಪರಚು, ಒಡೆದ ಚರ್ಮ, ಲೋಳೆಪೊರೆಯ ಮೇಲೆ ಜೊಲ್ಲು
- ಮೊದಲ ನೆಲೆ: ಗಾಯದ ಸ್ನಾಯು; ಅಲ್ಪ ಪ್ರಮಾಣದ ವೃದ್ಧಿ
- ಗ್ರಾಹಕಗಳು: ನಿಕೋಟಿನಿಕ್ ಅಸಿಟೈಲ್‌ಕೋಲಿನ್ ಗ್ರಾಹಕ (1982, ಲೆಂಟ್ಜ್ ತಂಡ), ಎನ್‌ಸಿಎಎಂ ಮತ್ತು ಪಿ-75 (ಎರಡೂ 1998)
- ಪಯಣ: ನರತಂತುವಿನೊಳಗೆ ಹಿಮ್ಮುಖವಾಗಿ, ವೇಗ ದಿನಕ್ಕೆ ಸುಮಾರು 50–100 ಮಿ.ಮೀ.
- ರಕ್ತದಲ್ಲಿ ವೈರಾಣು ಸಂಚಾರ: ರೋಗದ ಹಾದಿಯಲ್ಲಿ ಪಾತ್ರವಿಲ್ಲ, ಪ್ರತಿರಕ್ಷಣಾ ವ್ಯವಸ್ಥೆಗೆ ಸುಳಿವು ಸಿಗದಿರಲು ಮುಖ್ಯ ಕಾರಣ
- ನರ ಸೇರಿದ ವೈರಾಣು ಪ್ರತಿಕಾಯಗಳ ಕೈಗೆ ಬಹುಮಟ್ಟಿಗೆ ಸಿಗದು
- ಸುಪ್ತಾವಧಿ: ಸಾಮಾನ್ಯವಾಗಿ 1–3 ತಿಂಗಳು, ತಲೆ, ಮುಖ, ಕುತ್ತಿಗೆ, ಕೈಬೆರಳಿನ ಕಡಿತಕ್ಕೆ ಕಡಿಮೆ
- ಮಿದುಳಿನಿಂದ ಹೊರಮುಖ ಪಯಣ: ಜೊಲ್ಲುಗ್ರಂಥಿ, ಕಣ್ಣಿನ ಕಾರ್ನಿಯಾ, ಕತ್ತಿನ ಹಿಂಭಾಗದ ಚರ್ಮದ ರೋಮಮೂಲ
- ಕಚ್ಚಿದ ನಾಯಿ, ಬೆಕ್ಕಿನ ನಿಗಾ ಅವಧಿ: 10 ದಿನ, ಚಿಕಿತ್ಸೆ ಆರಂಭಕ್ಕೆ ನಿಗಾ ಮುಗಿಯುವವರೆಗೆ ಕಾಯುವಂತಿಲ್ಲ

ಪ್ರತಿರಕ್ಷಣೆಯನ್ನು ವಂಚಿಸುವ ವಿಧಾನ (ಅತಿ ಮುಖ್ಯ)

- ಇಂಟರ್‌ಫೆರಾನ್: ಪತ್ತೆ 1957, ಐಸಾಕ್ಸ್ ಮತ್ತು ಲಿಂಡೆನ್‌ಮನ್, ವೈರಾಣು ವಿರುದ್ಧ ಸಹಜ ಪ್ರತಿರಕ್ಷಣೆಯ ಮೊದಲ ಸಂದೇಶವಾಹಕ
- ರಿಗ್-1: ಜೀವಕೋಶದೊಳಗೆ ವೈರಾಣುವಿನ ಆರ್‌ಎನ್‌ಎ ಗುರುತಿಸುವ ಕಾವಲು ಅಣು (2006ರ ಸಂಶೋಧನೆಯಲ್ಲಿ ರೇಬೀಸ್ ವೈರಾಣುವೂ ಬಳಕೆ)
- ಎನ್ ಪ್ರೋಟೀನ್: ರಿಗ್-1 ಕಣ್ಣಿಗೆ ಬೀಳದಂತೆ ಮರೆ
- ಪಿ ಪ್ರೋಟೀನ್, ಕೆಲಸ 1: ಐಆರ್‌ಎಫ್-3 ಸಕ್ರಿಯತೆಗೆ ತಡೆ, ಇಂಟರ್‌ಫೆರಾನ್ ಉತ್ಪಾದನೆ ಕುಂಠಿತ (2005)
- ಪಿ ಪ್ರೋಟೀನ್, ಕೆಲಸ 2: ಸ್ಟ್ಯಾಟ್-1, ಸ್ಟ್ಯಾಟ್-2 ಕೋಶಕೇಂದ್ರ ಸೇರದಂತೆ ತಡೆ, ಬಂದ ಇಂಟರ್‌ಫೆರಾನ್ ಸಂದೇಶವೂ ವ್ಯರ್ಥ
- ಎಂ ಪ್ರೋಟೀನ್: ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಮಾರ್ಗಕ್ಕೆ ಅಡ್ಡಿ
- ಸೋಂಕಿತ ಮಿದುಳಿನಲ್ಲಿ ಪಿಡಿ-ಎಲ್1 ಹೆಚ್ಚಳ: ಮಿದುಳು ತಲುಪಿದ ಟಿ ಕೋಶಗಳ ಸಾವು (ಪ್ಯಾರಿಸ್ ಪಾಶ್ಚರ್ ಸಂಸ್ಥೆ, ಮೋನಿಕ್ ಲಾಫೋನ್ ತಂಡ, 2008)
- ಪಿಡಿ-1 (ಟಿ ಕೋಶದ ಮೇಲೆ ಪಿಡಿ-ಎಲ್1 ಅಂಟುವ ಗ್ರಾಹಕ) ಸಂಬಂಧಿತ ನೊಬೆಲ್: 2018, ತಸುಕು ಹೊಂಜೊ (ಜೇಮ್ಸ್ ಅಲಿಸನ್ ಜೊತೆ ಹಂಚಿಕೆ)
- ಸೋಂಕಿತ ನರಕೋಶ ಬೇಗ ಸಾಯದಂತೆ ನೋಡಿಕೊಳ್ಳುವುದೂ ತಂತ್ರದ ಭಾಗ. ಕೋಶ ಸತ್ತರೆ ಮುಂದಿನ ಕೋಶಕ್ಕೆ ದಾರಿಯಿಲ್ಲ, ಉರಿಯೂತಕ್ಕೆ ಕರೆ
- ಪರಿಣಾಮ: ಸುಪ್ತಾವಧಿಯುದ್ದಕ್ಕೂ ರಕ್ತದಲ್ಲಿ ಪ್ರತಿಕಾಯ ಸಾಮಾನ್ಯವಾಗಿ ಶೂನ್ಯ, ಮೈಮೇಲೆ ಯಾವ ಸೂಚನೆಯೂ ಇಲ್ಲ. ಗಾಯ ಮಾಯಿತು ಎಂಬ ಸಮಾಧಾನಕ್ಕೆ ಆಧಾರವಿಲ್ಲ

ಮಿದುಳಿನ ಉರಿಯೂತ

- ಕಾಣುವ ಬದಲಾವಣೆ: ರಕ್ತನಾಳದ ಸುತ್ತ ಲಿಂಫೋಸೈಟ್ ಗುಂಪು, ಮೈಕ್ರೊಗ್ಲಿಯಾ ಗಂಟು, ಒಟ್ಟು ಪ್ರಮಾಣ ರೋಗದ ತೀವ್ರತೆಗೆ ಹೋಲಿಸಿದರೆ ಅಲ್ಪ
- ಬಾಬೆಸ್ ಗಂಟು: ಮೈಕ್ರೊಗ್ಲಿಯಾ ಕೋಶಗಳ ಗುಂಪು, ವಿಕ್ಟರ್ ಬಾಬೆಸ್, ರುಮೇನಿಯಾ, 1892
- ನೆಗ್ರಿ ಕಣ: ನರಕೋಶದೊಳಗಿನ ವೈರಾಣು ಉತ್ಪಾದನಾ ತಾಣ, ಅಡೆಲ್ಕಿ ನೆಗ್ರಿ, ಇಟಲಿ, 1903
- ನೆಗ್ರಿ ಕಣ ಹೆಚ್ಚಾಗಿ ಕಾಣುವ ಜಾಗ: ನಾಯಿಯಲ್ಲಿ ಹಿಪೊಕ್ಯಾಂಪಸ್, ದನದಲ್ಲಿ ಕಿರುಮಿದುಳಿನ ಪರ್ಕಿಂಜೆ ಕೋಶ
- ನೆಗ್ರಿ ಕಣ ರಚನೆಯಲ್ಲಿ ಟಿಎಲ್‌ಆರ್-3 ಪಾತ್ರ: 2009ರ ಸಂಶೋಧನೆ. ರಕ್ಷಣಾ ಅಣುವೇ ವೈರಾಣುವಿನ ಉಪಕರಣ
- ಸಹಜ ಪ್ರತಿರಕ್ಷಣೆಯ ಗ್ರಾಹಕಗಳು ಮತ್ತು ಡೆಂಡ್ರೈಟಿಕ್ ಕೋಶ ಕುರಿತ ನೊಬೆಲ್: 2011, ಬ್ಯೂಟ್ಲರ್, ಹಾಫ್‌ಮನ್, ಸ್ಟೈನ್‌ಮನ್
- ಉರಿಯೂತದ ಸೈಟೊಕೈನ್: ಐಎಲ್-1, ಐಎಲ್-6, ಟಿಎನ್‌ಎಫ್-ಆಲ್ಫಾ, ಕೀಮೊಕೈನ್: ಸಿಎಕ್ಸ್‌ಸಿಎಲ್-10, ಸಿಸಿಎಲ್-5
- ಟಿಎನ್‌ಎಫ್ ಪಿ-55 ಗ್ರಾಹಕ ಇಲ್ಲದ ಇಲಿ: ಉರಿಯೂತ ಕಡಿಮೆ, ಸಾವು ತಡ (2000). ಅಂದರೆ ಉರಿಯೂತ ಸಂಪೂರ್ಣ ನಿರಪರಾಧಿಯೂ ಅಲ್ಲ
- ಆದರೂ ಸಮಗ್ರ ತೀರ್ಮಾನ ಎದುರು ದಿಕ್ಕಿನದು. ಪ್ರಯೋಗಾಲಯದ ದುರ್ಬಲ ತಳಿ: ರಕ್ತ–ಮಿದುಳು ತಡೆಗೋಡೆ ತೆರವು, ಬಿ ಮತ್ತು ಟಿ ಕೋಶಗಳ ಪ್ರವೇಶ, ಮಿದುಳಿನಲ್ಲೇ ಪ್ರತಿಕಾಯ ಉತ್ಪಾದನೆ, ಇಲಿ ಬದುಕು
- ರೋಗಕಾರಕ ಬೀದಿ ತಳಿ: ತಡೆಗೋಡೆ ಮುಚ್ಚಿದ ಸ್ಥಿತಿ, ರಕ್ತದಲ್ಲಿ ಪ್ರತಿಕಾಯ ಇದ್ದರೂ ಮಿದುಳಿಗೆ ತಲುಪದು, ಇಲಿ ಸಾವು
- ಸಂಶೋಧನಾ ಕೇಂದ್ರ: ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯ, ಫಿಲಡೆಲ್ಫಿಯಾ, ಹೂಪರ್, ಡೀಟ್ಸ್‌ಶೋಲ್ಡ್, ಕೊಪ್ರೊವ್‌ಸ್ಕಿ
- ‘ಬೇಗ ಸಾವು’ ವಿದ್ಯಮಾನ: ಅಲ್ಪ, ಅಪೂರ್ಣ ಪ್ರತಿಕಾಯ ಇದ್ದ ಪ್ರಾಣಿಗಳಲ್ಲಿ ಸಾವು ಇನ್ನೂ ಬೇಗ, ಪ್ರಭಾಕರ್ ಮತ್ತು ನೇಥನ್‌ಸನ್, 1981
- ಸಾವಿನ ನೇರ ಕಾರಣ: ನರಕೋಶಗಳ ಕಾರ್ಯವೈಫಲ್ಯ, ಮಿದುಳುಕಾಂಡದ ಉಸಿರಾಟ–ಹೃದಯ ನಿಯಂತ್ರಣ ಕುಸಿತ
- ನಿಮ್ಹಾನ್ಸ್‌ನ ಇಲಿ, ನಾಯಿ, ಮಾನವ ಮಿದುಳುಗಳ ಹೋಲಿಕೆ (2011): ಸೋಂಕಿನಲ್ಲಿ ಕೋಶಸಾವಿನ ಪಾತ್ರದ ಪರಿಶೀಲನೆ

ಎರಡು ರೂಪ

- ಉಗ್ರ ರೂಪ: ಸುಮಾರು ಶೇ. 80, ಜಲಭೀತಿ, ವಾಯುಭೀತಿ, ಚಡಪಡಿಕೆ
- ಪಾರ್ಶ್ವವಾಯು ರೂಪ: ಸುಮಾರು ಶೇ. 20, ಕಚ್ಚಿದ ಅಂಗದಿಂದ ಆರಂಭವಾಗುವ ಬಲಹೀನತೆ, ಗಿಲಾನ್–ಬಾರೆ ಕಾಯಿಲೆಯೆಂದು ತಪ್ಪಾಗಿ ತಿಳಿಯುವ ಸಂಭವ
- ಜಲಭೀತಿಯ ಮೂಲ: ಉಸಿರು ಒಳಗೆಳೆಯುವ ಸ್ನಾಯು ಮತ್ತು ಗಂಟಲ ಸ್ನಾಯುಗಳ ಸೆಳೆತ. ರೋಗಿಗೆ ಬಾಯಾರಿಕೆ ಇದೆ. ಲೋಟ ಎದುರು ಬಂದೊಡನೆ ಸೆಳೆತ
- ಪಾರ್ಶ್ವವಾಯು ರೂಪದಲ್ಲಿ ಬೆನ್ನುಹುರಿ, ನರಗಳ ಉರಿಯೂತ ಎದ್ದುಕಾಣುವಂಥದು. ಚಂಡೀಗಢ ಪಿಜಿಐ ಅಧ್ಯಯನ, ಚೋಪ್ರಾ ತಂಡ, 1980
- ಥಾಯ್ಲೆಂಡ್‌ನಲ್ಲಿ ನಾಯಿಗಳ ಅಧ್ಯಯನ: ಉಗ್ರ ರೂಪದಲ್ಲಿ ವೈರಾಣು ಹೆಚ್ಚು, ಪಾರ್ಶ್ವವಾಯು ರೂಪದಲ್ಲಿ ಸೈಟೊಕೈನ್ ಹೆಚ್ಚು
- ಬೆಂಗಳೂರಿನ ಪ್ರೋಟಿಯೊಮಿಕ್ಸ್ ಅಧ್ಯಯನ (2013): ಎರಡೂ ರೂಪದ ಮಾನವ ಮಿದುಳು ಅಂಗಾಂಶದ ಪ್ರೋಟೀನ್ ಹೋಲಿಕೆ

ದನದಲ್ಲಿ ರೇಬೀಸ್

- ಕಾವಲು ಪ್ರದೇಶಕ್ಕೆ ನೇರ ಸಂಬಂಧದ ಭಾಗ. ಪ್ರಶ್ನೆಪತ್ರಿಕೆಯಲ್ಲಿ ವಿರಳ, ಹಳ್ಳಿಯಲ್ಲಿ ಅತ್ಯಗತ್ಯ
- ಲಕ್ಷಣ: ಮೇವು ಬಿಡುವುದು, ಜೊಲ್ಲು ಸುರಿಯುವುದು, ಅಸಹಜ ಕೂಗು, ತಿಣುಕುವುದು, ಹಿಂಗಾಲು ತೂರಾಡುವುದು, ಕೊನೆಗೆ ನೆಲಕಚ್ಚುವುದು
- ಅಪಾಯದ ಕ್ಷಣ: ಜೊಲ್ಲು ಸುರಿಸುತ್ತ ನುಂಗಲಾಗದೆ ನಿಂತ ಹಸು, ಗಂಟಲಲ್ಲಿ ಗೆಡ್ಡೆಯೋ ತೆಂಗಿನ ಚಿಪ್ಪೋ ಸಿಕ್ಕಿದೆ ಎಂಬ ಅನುಮಾನ, ಮನೆಯವರು ದವಡೆ ಬಿಡಿಸಿ ಮೊಣಕೈವರೆಗೆ ಬರಿಗೈ ಹಾಕುವುದು, ಹಲ್ಲು ಸವರಿದ ಬೆರಳು, ಮೇವು ಕೊಯ್ದು ಮೊದಲೇ ಗೀರಿದ ಅಂಗೈ, ಮೇಲೆ ಜೊಲ್ಲು
- ಇಂಥ ಸಂಪರ್ಕ: ಒಡೆದ ಚರ್ಮದ ಮೇಲೆ ಜೊಲ್ಲು, ಆದ್ದರಿಂದ 3ನೇ ವರ್ಗ. ‘ಕಚ್ಚಿಲ್ಲವಲ್ಲ’ ಎಂಬುದು ಉತ್ತರವಲ್ಲ
- ಕಾಯಿಸಿದ ಹಾಲು: ವೈರಾಣು ನಾಶ, ಲಸಿಕೆ ಅಗತ್ಯವಿಲ್ಲ. ಶಂಕಿತ ಹಸುವಿನ ಹಸಿಹಾಲು: ವರ್ಜ್ಯ
- ಹುಚ್ಚುನಾಯಿ ಕಚ್ಚಿದ ದನಕ್ಕೂ ಲಸಿಕೆ ಸರಣಿ ಲಭ್ಯ. ಸ್ಥಳೀಯ ಪಶು ಆಸ್ಪತ್ರೆಗೆ ಅದೇ ದಿನ ಮಾಹಿತಿ
- ಕಾನೂನು: ಪ್ರಾಣಿಗಳ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಕಾಯ್ದೆ, 2009, ಅನುಸೂಚಿತ ರೋಗಗಳಲ್ಲಿ ರೇಬೀಸ್ ಸೇರ್ಪಡೆ

ಲಸಿಕೆಯೇ ತಂದ ಉರಿಯೂತ: ಸೆಂಪಲ್ ಲಸಿಕೆ

- ಮೊದಲ ಮಾನವ ಲಸಿಕೆ: ಲೂಯಿ ಪಾಶ್ಚರ್, 6 ಜುಲೈ 1885, ಜೋಸೆಫ್ ಮೈಸ್ಟರ್, 9 ವರ್ಷ, 13 ಚುಚ್ಚುಮದ್ದು, ಒಣಗಿಸಿದ ಮೊಲದ ಬೆನ್ನುಹುರಿ
- ಸೆಂಪಲ್ ಲಸಿಕೆ: ಡೇವಿಡ್ ಸೆಂಪಲ್, ಕಸೌಲಿ, 1911, ಕುರಿಯ ಮಿದುಳಿನಲ್ಲಿ ಬೆಳೆಸಿ ಫೀನಾಲ್‌ನಿಂದ ನಿಷ್ಕ್ರಿಯಗೊಳಿಸಿದ ವೈರಾಣು
- ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’ ಎಂಬ ಜನರ ನೆನಪು: ಇದೇ ಲಸಿಕೆಯದು, ಈಗಿನ ಲಸಿಕೆಗೆ ಅನ್ವಯವಿಲ್ಲ
- ದೋಷ: ಕುರಿಯ ನರ ಅಂಗಾಂಶದ ಮಯಲಿನ್ ವಿರುದ್ಧ ದೇಹದ ಪ್ರತಿರಕ್ಷಣೆ, ಸ್ವಂತ ಮಿದುಳು, ಬೆನ್ನುಹುರಿಯ ಉರಿಯೂತ, ಪಾರ್ಶ್ವವಾಯು
- ಈ ದೋಷದ ತನಿಖೆಯಿಂದ ಹುಟ್ಟಿದ ಪ್ರಯೋಗ ಮಾದರಿ: ಪ್ರಾಯೋಗಿಕ ಸ್ವಪ್ರತಿರಕ್ಷಣಾ ಮಿದುಳು–ಬೆನ್ನುಹುರಿ ಉರಿಯೂತ, ಥಾಮಸ್ ರಿವರ್ಸ್, 1933. ಮಲ್ಟಿಪಲ್ ಸ್ಕ್ಲಿರೋಸಿಸ್ ಸಂಶೋಧನೆಯ ಬುನಾದಿ
- ಮಯಲಿನ್ ಬೇಸಿಕ್ ಪ್ರೋಟೀನ್ ಕಾರಣವೆಂಬ ಮಾನವ ಪುರಾವೆ: ಹೇಮಚೂಡ ತಂಡ, ಥಾಯ್ಲೆಂಡ್, 1987
- ಮಯಲಿನ್ ಕಡಿಮೆ ಇರುವ ಎಳೆ ಇಲಿಮರಿ ಮಿದುಳಿನ ಲಸಿಕೆ: ಫುಯೆನ್‌ಜಲೀಡಾ, ಚಿಲಿ, 1950ರ ದಶಕ
- ಭಾರತದಲ್ಲಿ ಸೆಂಪಲ್ ಲಸಿಕೆ ಸ್ಥಗಿತ: ಡಿಸೆಂಬರ್ 2004
- ಇಂದಿನ ಕೋಶ ಕೃಷಿ ಲಸಿಕೆಗಳಲ್ಲಿ ನರ ಅಂಗಾಂಶ ಇಲ್ಲ. ಹಳೆಯ ಭಯದಿಂದ ಆಸ್ಪತ್ರೆಗೆ ಹೋಗದಿರುವವರಿಗೆ ಹೇಳಬೇಕಾದ ಮೊದಲ ಮಾತು ಇದು

ಇಂದಿನ ಲಸಿಕೆ: ಪ್ರತಿಕಾಯದ ಕಾಲಲೆಕ್ಕ

- ಬಗೆ: ಶುದ್ಧೀಕರಿಸಿದ ವೀರೊ ಕೋಶ ಲಸಿಕೆ, ಶುದ್ಧೀಕರಿಸಿದ ಕೋಳಿ ಭ್ರೂಣ ಕೋಶ ಲಸಿಕೆ, ಎರಡೂ ನಿಷ್ಕ್ರಿಯ
- ಕನಿಷ್ಠ ಸಾಮರ್ಥ್ಯ: ಪ್ರತಿ ಡೋಸ್‌ಗೆ 2.5 ಅಂತರರಾಷ್ಟ್ರೀಯ ಘಟಕ
- ರಕ್ಷಣಾ ಮಟ್ಟದ ಪ್ರತಿಕಾಯ: ಪ್ರತಿ ಮಿ.ಲೀ.ಗೆ 0.5 ಘಟಕ, ಅಳೆಯುವ ಪರೀಕ್ಷೆ ಆರ್‌ಎಫ್‌ಎಫ್‌ಐಟಿ (1973)
- ಲಸಿಕೆಯ ನಂತರ ಪ್ರತಿಕಾಯ ಮೂಡಲು: 7–14 ದಿನ, ಮೊದಲು ಐಜಿಎಂ, ನಂತರ ಐಜಿಜಿ
- ಸ್ನಾಯು ಮಾರ್ಗ: 0, 3, 7, 14, 28ನೇ ದಿನ, ದೊಡ್ಡವರಿಗೆ ತೋಳಿನ ಡೆಲ್ಟಾಯ್ಡ್, ಪುಟ್ಟ ಮಕ್ಕಳಿಗೆ ತೊಡೆಯ ಮುಂಪಕ್ಕ, ಪೃಷ್ಠಕ್ಕೆ ನಿಷಿದ್ಧ
- ಚರ್ಮದೊಳಗಿನ ಮಾರ್ಗ: 0, 3, 7, 28ನೇ ದಿನ; ಪ್ರತಿ ಬಾರಿ 2 ಜಾಗ, ತಲಾ 0.1 ಮಿ.ಲೀ.; ಭಾರತದಲ್ಲಿ ಅನುಮೋದನೆ 2006
- ಚರ್ಮದ ಮಾರ್ಗದ ಆಧಾರ: ಚರ್ಮದಲ್ಲಿ ಡೆಂಡ್ರೈಟಿಕ್ ಕೋಶಗಳ ಸಾಂದ್ರತೆ, ಅಲ್ಪ ಲಸಿಕೆಗೆ ಪೂರ್ಣ ಪ್ರತಿಕ್ರಿಯೆ
- ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ ಮತ್ತೆ ಕಡಿತವಾದರೆ: 0, 3ನೇ ದಿನ ಮಾತ್ರ, ಇಮ್ಯುನೊಗ್ಲಾಬ್ಯುಲಿನ್ ಬೇಡ, ಕಾರಣ ಬಿ ಕೋಶಗಳ ಸ್ಮರಣೆ
- ಮುನ್ನೆಚ್ಚರಿಕೆ ಲಸಿಕೆ: 0, 7, 21 ಅಥವಾ 28ನೇ ದಿನ, ಪಶುವೈದ್ಯರು, ನಾಯಿ ಹಿಡಿಯುವವರು, ಅರಣ್ಯ ಸಿಬ್ಬಂದಿ
- ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ: ಉಚಿತ

ಇಮ್ಯುನೊಗ್ಲಾಬ್ಯುಲಿನ್: ಮೊದಲ ವಾರದ ಸೇತುವೆ

- ಉದ್ದೇಶ: ಲಸಿಕೆಯ ಪ್ರತಿಕಾಯ ಮೂಡುವವರೆಗೆ ಗಾಯದಲ್ಲೇ ಸಿದ್ಧ ಪ್ರತಿಕಾಯ; ನರ ಸೇರುವ ಮುನ್ನ ವೈರಾಣು ನಿಷ್ಕ್ರಿಯ
- ಮಾನವ ಮೂಲ: ಪ್ರತಿ ಕೆ.ಜಿ.ಗೆ 20 ಘಟಕ. ಕುದುರೆ ಮೂಲ: ಪ್ರತಿ ಕೆ.ಜಿ.ಗೆ 40 ಘಟಕ
- ಕೊಡುವ ಕಾಲ: 0ನೇ ದಿನ, ತಪ್ಪಿದಲ್ಲಿ ಮೊದಲ ಲಸಿಕೆಯಿಂದ 7ನೇ ದಿನದವರೆಗೆ, ನಂತರ ಬೇಡ
- ಮಿತಿ ಮೀರಿದ ಡೋಸ್ ನಿಷಿದ್ಧ: ಹೊರಗಿನ ಪ್ರತಿಕಾಯ ಹೆಚ್ಚಾದರೆ ಲಸಿಕೆಯ ಸ್ವಂತ ಪ್ರತಿಕ್ರಿಯೆ ಕುಂಠಿತ, ಲಸಿಕೆಯ ಸಿರಿಂಜ್, ಲಸಿಕೆಯ ಜಾಗ ಎರಡೂ ಬೇರೆ
- ವಿಧಾನ: ಪ್ರತಿ ಗಾಯದ ಒಳಕ್ಕೆ, ಅಂಚಿನ ಸುತ್ತ. ಬೆರಳ ತುದಿಯ ಗಾಯದಲ್ಲಿ ಜಾಗವಿಲ್ಲ. ಸೂಜಿ ನಿಧಾನ, ಹನಿಹನಿ, ಚರ್ಮ ಬಿಗಿದು ಬಿಳಿಚುವ ಮುನ್ನ ನಿಲುಗಡೆ. ನೋವು ಹೆಚ್ಚೆಂದು ಬಿಟ್ಟ ಒಂದು ಚಿಕ್ಕ ಗಾಯವೇ ವೈರಾಣುವಿಗೆ ತೆರೆದ ದಾರಿ
- ಹೊಲಿಗೆ: ಸಾಧ್ಯವಾದಷ್ಟು ಮುಂದೂಡಿಕೆ, ಅನಿವಾರ್ಯವಾದರೆ ಇಮ್ಯುನೊಗ್ಲಾಬ್ಯುಲಿನ್ ನಂತರ, ಸಡಿಲವಾಗಿ
- ನಿರ್ಣಾಯಕ ಪುರಾವೆ: ಇರಾನ್, ಆಗಸ್ಟ್ 1954, ಹುಚ್ಚುತೋಳ ದಾಳಿ, ತಲೆಗೆ ಗಾಯವಾದ 18 ಮಂದಿ. ಸೀರಂ ಮತ್ತು ಲಸಿಕೆ ಪಡೆದ 13ರಲ್ಲಿ ಸಾವು 1. ಲಸಿಕೆ ಮಾತ್ರ ಪಡೆದ 5ರಲ್ಲಿ ಸಾವು 3
- ತೋಳಗಳಿರುವ ಕಡೂರು ಬಯಲಿನ ಓದುಗರಿಗೆ ನೆನಪಿಡಲು ಇದಕ್ಕಿಂತ ತಕ್ಕ ಅಂಕಿ ಇಲ್ಲ
- ಮಾನವ ದ್ವಿಗುಣಿತ ಕೋಶ ಲಸಿಕೆ ಮತ್ತು ಸೀರಂ: ಇರಾನ್, 1976, ಹುಚ್ಚುಪ್ರಾಣಿ ಕಚ್ಚಿದ 45 ಮಂದಿ, ಎಲ್ಲರೂ ಪಾರು
- ಏಕಕ್ಲೋನ್ ಪ್ರತಿಕಾಯ (ಭಾರತ): ರೇಬಿಶೀಲ್ಡ್, ಸೀರಂ ಇನ್‌ಸ್ಟಿಟ್ಯೂಟ್, ಪ್ರತಿ ಕೆ.ಜಿ.ಗೆ 3.33 ಘಟಕ; ಟ್ವಿನ್‌ರ್‍ಯಾಬ್, ಜೈಡಸ್, ಎರಡು ಪ್ರತಿಕಾಯಗಳ ಮಿಶ್ರಣ

ವರ್ಗೀಕರಣ (ವಿಶ್ವ ಆರೋಗ್ಯ ಸಂಸ್ಥೆ)

- 1ನೇ ವರ್ಗ: ಮುಟ್ಟುವುದು, ಅಖಂಡ ಚರ್ಮ ನೆಕ್ಕುವುದು, ತೊಳೆದರೆ ಸಾಕು
- 2ನೇ ವರ್ಗ: ರಕ್ತ ಬಾರದ ತರಚು, ಲಘು ಕಡಿತ, ತೊಳೆತ + ಲಸಿಕೆ
- 3ನೇ ವರ್ಗ: ರಕ್ತ ಬಂದ ಕಡಿತ ಅಥವಾ ಪರಚು, ಒಡೆದ ಚರ್ಮ ಹಾಗೂ ಲೋಳೆಪೊರೆಗೆ ಜೊಲ್ಲು, ತೊಳೆತ + ಲಸಿಕೆ + ಇಮ್ಯುನೊಗ್ಲಾಬ್ಯುಲಿನ್
- ತೊಳೆತ: ಹರಿಯುವ ನೀರು, ಸಾಬೂನು, 15 ನಿಮಿಷ, ನಂತರ ಪೊವಿಡೋನ್ ಅಯೋಡಿನ್
- ನಿಷಿದ್ಧ: ಸುಣ್ಣ, ಮೆಣಸಿನಪುಡಿ, ಅರಿಶಿನ, ಎಣ್ಣೆ, ಮಣ್ಣು, ಸೊಪ್ಪಿನ ರಸ. ಕೆರಳಿಸುವ ವಸ್ತುಗಳಿಂದ ಅಂಗಾಂಶಕ್ಕೆ ಹಾನಿ, ವೈರಾಣುವಿಗೆ ಅನುಕೂಲ
- ಗರ್ಭಿಣಿ, ಬಾಣಂತಿ, ಶಿಶು: ಚಿಕಿತ್ಸೆಗೆ ಯಾವ ಅಡ್ಡಿಯೂ ಇಲ್ಲ

ಪ್ರತಿರಕ್ಷಣೆ ಕುಗ್ಗಿದವರು

- ಎಚ್‌ಐವಿ, ಕ್ಯಾನ್ಸರ್ ಚಿಕಿತ್ಸೆ, ಅಂಗಾಂಗ ಕಸಿ: 2ನೇ ವರ್ಗಕ್ಕೂ ಇಮ್ಯುನೊಗ್ಲಾಬ್ಯುಲಿನ್
- ಸ್ಟೀರಾಯ್ಡ್: ಉರಿಯೂತ ಶಮನಕಾರಿ, ರೇಬೀಸ್ ಪ್ರಯೋಗ ಪ್ರಾಣಿಗಳಲ್ಲಿ ಸಾವು ಹೆಚ್ಚಳ, ರೋಗದಲ್ಲಿ ವರ್ಜ್ಯ
- ಕ್ಲೋರೋಕ್ವಿನ್: ಚರ್ಮದೊಳಗಿನ ಮುನ್ನೆಚ್ಚರಿಕೆ ಲಸಿಕೆಗೆ ಪ್ರತಿಕಾಯ ಪ್ರತಿಕ್ರಿಯೆ ಇಳಿಕೆ (1986)

ಪತ್ತೆ

- ಪ್ರಮಾಣಿತ ಪರೀಕ್ಷೆ: ನೇರ ಪ್ರತಿದೀಪ್ತ ಪ್ರತಿಕಾಯ ಪರೀಕ್ಷೆ, ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್, 1958, ಮಾದರಿ ಮಿದುಳು
- ಜೀವಂತ ರೋಗಿಯಲ್ಲಿ: ಜೊಲ್ಲಿನ ಆರ್‌ಟಿ-ಪಿಸಿಆರ್, ಕತ್ತಿನ ಹಿಂಭಾಗದ ಚರ್ಮದ ತುಣುಕು, ಮಿದುಳು ದ್ರವದ ಪ್ರತಿಕಾಯ
- ಮಿದುಳು ದ್ರವದಲ್ಲಿ ಜೀವಕೋಶ ಸಂಖ್ಯೆ: ಸಹಜ ಅಥವಾ ಅಲ್ಪ ಏರಿಕೆ, ಸಹಜ ವರದಿಯಿಂದ ರೇಬೀಸ್ ಅಲ್ಲಗಳೆಯುವಂತಿಲ್ಲ

ಬದುಕುಳಿದ ಪ್ರಕರಣಗಳು

- ಮೊದಲ ಪ್ರಸಿದ್ಧ ಪ್ರಕರಣ: ಓಹಾಯೊ, ಅಮೆರಿಕ, 1970, 6 ವರ್ಷದ ಬಾಲಕ
- ಬೆಂಗಳೂರು ಪ್ರಕರಣ: 6 ವರ್ಷದ ಬಾಲಕಿ, ಭಾಗಶಃ ಚೇತರಿಕೆ, ನಿಮ್ಹಾನ್ಸ್‌ನ ಎಸ್.ಎನ್. ಮಧುಸೂದನ ತಂಡದ ವರದಿ, 2002
- ಮಿಲ್ವಾಕಿ ಪ್ರಕರಣ: 2004, ಬಾವಲಿ ಕಡಿತ, ಲಸಿಕೆ ಪಡೆಯದ 15 ವರ್ಷದ ಬಾಲಕಿ, ವೈದ್ಯ ರಾಡ್ನಿ ವಿಲ್ಲೊಬಿ. ಅದೇ ವಿಧಾನದ ನಂತರದ ಪ್ರಯತ್ನಗಳು ಬಹುತೇಕ ವಿಫಲ
- ಭಾರತದ ಬದುಕುಳಿದವರ ಸರಣಿ ವರದಿ: ನಿಮ್ಹಾನ್ಸ್, ರೀಟಾ ಎಸ್. ಮಣಿ ತಂಡ, 2019
- ಸಮಾನ ಅಂಶ: ಮಿದುಳು ದ್ರವದಲ್ಲಿ ಉನ್ನತ ಮಟ್ಟದ ಪ್ರತಿಕಾಯ, ಬಹುತೇಕರಲ್ಲಿ ತೀವ್ರ ನರದೌರ್ಬಲ್ಯ ಉಳಿಕೆ

ಸಂಸ್ಥೆಗಳು

- ನಿಮ್ಹಾನ್ಸ್, ಬೆಂಗಳೂರು (1974): ನ್ಯೂರೊವೈರಾಲಜಿ ವಿಭಾಗ, ರೇಬೀಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ, ಮಾನವ ಮಿದುಳು ಭಂಡಾರ 1995
- ಪಶುವೈದ್ಯಕೀಯ ಕಾಲೇಜು, ಹೆಬ್ಬಾಳ (1958): ಪ್ರಾಣಿ ರೇಬೀಸ್ ಪತ್ತೆ ಪ್ರಯೋಗಾಲಯ
- ಕಿಮ್ಸ್, ಬೆಂಗಳೂರು: ರೇಬೀಸ್ ನಿರೋಧಕ ಚಿಕಿತ್ಸಾಲಯ, ಎಂ.ಕೆ. ಸುದರ್ಶನ್
- ಎಪಿಸಿಆರ್‌ಐ (ಭಾರತದ ರೇಬೀಸ್ ತಡೆ ಮತ್ತು ನಿಯಂತ್ರಣ ಸಂಘ): 1998
- ಪಾಶ್ಚರ್ ಸಂಸ್ಥೆ, ಕೂನೂರು: 1907, ದಕ್ಷಿಣ ಭಾರತದ ಮೊದಲ ರೇಬೀಸ್ ಚಿಕಿತ್ಸಾ ಕೇಂದ್ರ
- ಪಾಶ್ಚರ್ ಸಂಸ್ಥೆ, ಕಸೌಲಿ: 1900, ಭಾರತದಲ್ಲೇ ಮೊದಲು

ಅಂಕಿ, ಕಾಯ್ದೆ, ಗುರಿ

- ಜಗತ್ತಿನ ವಾರ್ಷಿಕ ಸಾವು: ಅಂದಾಜು 59,000 (2015), ಸುಮಾರು ಶೇ. 40 ಮಂದಿ 15 ವರ್ಷದೊಳಗಿನ ಮಕ್ಕಳು
- ಭಾರತ, ಎಪಿಸಿಆರ್‌ಐ ಅಂದಾಜು (2003): ವರ್ಷಕ್ಕೆ 20,565 ಸಾವು
- ಭಾರತ, ಐಸಿಎಂಆರ್ ಸಮೀಕ್ಷೆ ಅಂದಾಜು: ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ, 5,726 ಸಾವು
- ಕರ್ನಾಟಕ, 2024: ಸುಮಾರು 3.6 ಲಕ್ಷ ನಾಯಿ ಕಡಿತ. 42 ರೇಬೀಸ್ ಸಾವು
- ಕರ್ನಾಟಕದಲ್ಲಿ ಮಾನವ ರೇಬೀಸ್ ಅಧಿಸೂಚಿತ ರೋಗ: 2022, ಆಧಾರ: ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ, 2020
- ರಾಷ್ಟ್ರೀಯ ಕ್ರಿಯಾ ಯೋಜನೆ: 28 ಸೆಪ್ಟೆಂಬರ್ 2021, ಗುರಿ 2030ರೊಳಗೆ ನಾಯಿಜನ್ಯ ರೇಬೀಸ್ ನಿರ್ಮೂಲನೆ
- ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು: 2001; ಹೊಸದು 2023
- ನಾಯಿಗಳ ಲಸಿಕೆ ಗುರಿ: ಶೇ. 70, ಸಮುದಾಯ ಪ್ರತಿರಕ್ಷಣೆಯ ಲೆಕ್ಕ
- ವಿಶ್ವ ರೇಬೀಸ್ ದಿನ: 28 ಸೆಪ್ಟೆಂಬರ್ (ಪಾಶ್ಚರ್ ನಿಧನ ದಿನ, 1895), ಮೊದಲ ಆಚರಣೆ 2007
- ಕಾಡುನರಿಗಳಿಗೆ ಬಾಯಿ ಮೂಲಕ ಲಸಿಕೆಯ ಮೊದಲ ಕ್ಷೇತ್ರ ಪ್ರಯೋಗ: ಸ್ವಿಟ್ಜರ್‌ಲೆಂಡ್, 1978
- ಪ್ರಾಚೀನ ಉಲ್ಲೇಖ: ಸುಶ್ರುತ ಸಂಹಿತೆ, ಕಲ್ಪಸ್ಥಾನ, ‘ಅಲರ್ಕ ವಿಷ’

ಗೊಂದಲ ಬೇಡ

- ನೆಗ್ರಿ ಕಣ – ನರಕೋಶದ ಒಳಗೆ, ವೈರಾಣುವಿನದು. ಬಾಬೆಸ್ ಗಂಟು – ಉರಿಯೂತದ ಕೋಶಗಳದು
- ಲಸಿಕೆ – ಸಕ್ರಿಯ ಪ್ರತಿರಕ್ಷಣೆ, ತಡ, ದೀರ್ಘ. ಇಮ್ಯುನೊಗ್ಲಾಬ್ಯುಲಿನ್ – ನಿಷ್ಕ್ರಿಯ ಪ್ರತಿರಕ್ಷಣೆ, ತಕ್ಷಣ, ಅಲ್ಪಕಾಲ
- ಟಿಟಿ ಚುಚ್ಚುಮದ್ದು – ಧನುರ್ವಾಯುವಿಗೆ. ರೇಬೀಸ್‌ನಿಂದ ರಕ್ಷಣೆ ಇಲ್ಲ. ಹಳ್ಳಿಗಳಲ್ಲಿ ‘ಇಂಜೆಕ್ಷನ್ ಆಯ್ತು’ ಎಂಬ ಮಾತು ಕೇಳಿದಾಗ ಯಾವ ಇಂಜೆಕ್ಷನ್ ಎಂದು ಕೇಳುವುದು ಕಡ್ಡಾಯ
- ಸಾಕುನಾಯಿ ಕಡಿತ, ನಾಯಿಮರಿ ಕಡಿತ – ಎರಡಕ್ಕೂ ಇದೇ ವರ್ಗೀಕರಣ; ಮರಿಯೆಂಬ ವಿನಾಯಿತಿ ಇಲ್ಲ
- 28ನೇ ದಿನದ ಡೋಸ್ – ಅತಿ ಹೆಚ್ಚು ತಪ್ಪಿಹೋಗುವ ಡೋಸ್‌ಗಳಲ್ಲಿ ಒಂದು; ಐಚ್ಛಿಕವಲ್ಲ
- ಲಕ್ಷಣ ಆರಂಭವಾದ ಮೇಲೆ ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ – ಪ್ರಯೋಜನವಿಲ್ಲ
- ಕಡಿತವಾಗಿ ವಾರ, ತಿಂಗಳು ಕಳೆದಿದ್ದರೂ ಲಕ್ಷಣ ಇಲ್ಲದಿದ್ದರೆ – ಅಂದೇ 0ನೇ ದಿನವೆಂದು ಚಿಕಿತ್ಸೆ ಆರಂಭ